ಲೆಕ್ಕಕ್ಕೆ ಸಿಕ್ಕದ ಊರು

ಹೊಸ ಔಷಧವೊಂದು ಸಿದ್ಧವಾದರೆ ಅದನ್ನು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಹೊಸ ವಿಮಾನದ ಮಾದರಿಯನ್ನು ಗಾಳಿಯ ಸುರಂಗದಲ್ಲಿಟ್ಟು ನೋಡುತ್ತಾರೆ. ಮನೆಯಲ್ಲಿ ಸಾರು ಮಾಡಿದವರು ಕೂಡ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡದೆ ಅತಿಥಿಗಳಿಗೆ ಬಡಿಸುವುದಿಲ್ಲ. ಆದರೆ ಪಟ್ಟಣವನ್ನು ಯೋಜಿಸುವವರಿಗೆ ಈ ಸೌಕರ್ಯವಿಲ್ಲ. ರಸ್ತೆಯೊಂದನ್ನು ತಪ್ಪಾದೆಡೆಯಲ್ಲಿ ಹಾಯಿಸಿದರೆ, ಬಡಾವಣೆಯೊಂದನ್ನು ಕೆರೆಯ ತಗ್ಗಿನಲ್ಲಿ ಕಟ್ಟಿದರೆ, ಆ ತಪ್ಪನ್ನು ಮೂರು ತಲೆಮಾರಿನವರು ಅನುಭವಿಸಬೇಕಾಗುತ್ತದೆ. ಕಟ್ಟಿದ ಊರನ್ನು ಅಳಿಸಿ ಮತ್ತೆ ಬರೆಯಲು ಅದೇನು ಸ್ಲೇಟಿನ ಮೇಲಿನ ಚಿತ್ರವೆ?

ಆದುದರಿಂದಲೇ ಗಣಕಯಂತ್ರ ಬಂದೊಡನೆ ನಗರ ಯೋಜಕರ ಮನಸ್ಸಿನಲ್ಲಿ ಒಂದು ಹಳೆಯ ಆಸೆ ಚಿಗುರಿತು. ಊರನ್ನು ಅಂಕಿಗಳಾಗಿ ಪರಿವರ್ತಿಸಿ ಯಂತ್ರದೊಳಗೆ ಇಟ್ಟುಬಿಟ್ಟರೆ, ರಸ್ತೆ ಹಾಕಿಯೂ ನೋಡಬಹುದು, ತೆಗೆದೂ ನೋಡಬಹುದು. ಐವತ್ತು ವರ್ಷಗಳ ಮುಂದಿನ ಸ್ಥಿತಿಯನ್ನು ಐದು ನಿಮಿಷಗಳಲ್ಲಿ ಕಾಣಬಹುದು. ಯಾರ ಮನೆಯೂ ಬೀಳುವುದಿಲ್ಲ, ಯಾರ ಹಣವೂ ಪೋಲಾಗುವುದಿಲ್ಲ. ಈ ಆಸೆ ಅಮೆರಿಕದ ಎರಡು ನಗರಗಳಲ್ಲಿ ಹೇಗೆ ಫಲಿಸಿತು, ಎಲ್ಲಿ ಎಡವಿತು ಎಂಬ ಕಥೆ ಇಂದಿಗೂ ತಿಳಿಯತಕ್ಕದ್ದಾಗಿದೆ.

ಪಕ್ಕದ ಕೋಣೆಗೆ ಬಂದ ಮೇಯರ್

1960ರಿಂದ 1968ರವರೆಗೆ ಬಾಸ್ಟನ್ ನಗರದ ಮೇಯರ್ ಆಗಿದ್ದ ಜಾನ್ ಕಾಲಿನ್ಸ್ ಅವರು ಅಧಿಕಾರದಿಂದ ಇಳಿದ ಮೇಲೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಸೇರಿದರು. ಪೋಲಿಯೋ ರೋಗಕ್ಕೆ ತುತ್ತಾಗಿದ್ದ ಅವರು ಊರುಗೋಲುಗಳ ನೆರವಿನಿಂದ ನಡೆಯುತ್ತಿದ್ದರು. ಕಾರು ಬಾಗಿಲಿನವರೆಗೆ ಬರುವಂಥ, ಒಳಗೆ ಲಿಫ್ಟ್ ಇರುವಂಥ ಕಟ್ಟಡವೇ ಅವರಿಗೆ ಬೇಕಾಗಿತ್ತು. ಅಂಥ ಕಟ್ಟಡವೊಂದರಲ್ಲಿ ಪ್ರಾಧ್ಯಾಪಕರೊಬ್ಬರು ರಜೆಯ ಮೇಲೆ ಹೋಗಿದ್ದುದರಿಂದ ಅವರ ಕೋಣೆ ಕಾಲಿನ್ಸರಿಗೆ ದೊರೆಯಿತು. ಪಕ್ಕದ ಕೋಣೆಯಲ್ಲಿದ್ದವರು ಜೇ ಫಾರೆಸ್ಟರ್.

ಫಾರೆಸ್ಟರ್ ಮೂಲತಃ ವಿದ್ಯುತ್ ಎಂಜಿನಿಯರ್. ಆರಂಭ ಕಾಲದ ಗಣಕಯಂತ್ರಗಳಿಗೆ ಅಯಸ್ಕಾಂತದ ಪುಟ್ಟ ಬಳೆಗಳಿಂದ ನೆನಪಿನ ಶಕ್ತಿಯನ್ನು ಒದಗಿಸಿದವರಲ್ಲಿ ಪ್ರಮುಖರು. ಮುಂದೆ ಕಾರ್ಖಾನೆಗಳ ಏರಿಳಿತವನ್ನು ಗಣಕದಲ್ಲಿ ಅನುಕರಿಸುವ ವಿಧಾನವೊಂದನ್ನು ಅವರು ರೂಪಿಸಿದ್ದರು. ಪಕ್ಕದ ಕೋಣೆಗೆ ಬಂದ ಮಾಜಿ ಮೇಯರರೊಡನೆ ಮಾತಿಗೆ ಮಾತು ಬೆಳೆದಾಗ, ಅದೇ ವಿಧಾನವನ್ನು ನಗರಕ್ಕೇಕೆ ಅನ್ವಯಿಸಬಾರದೆಂಬ ಯೋಚನೆ ಹುಟ್ಟಿತು. ಬಾಸ್ಟನ್ನಿನ ಆಡಳಿತ, ವ್ಯಾಪಾರಗಳನ್ನು ಬಲ್ಲವರು ಹಲವು ತಿಂಗಳು ವಾರಕ್ಕೊಮ್ಮೆ ಕೂಡಿ ಚರ್ಚಿಸಿದರು. ಫಲವಾಗಿ 1969ರಲ್ಲಿ ಫಾರೆಸ್ಟರರ ಗ್ರಂಥ ಹೊರಬಂದಿತು.

ವಿಧಾನದ ತಿರುಳು ಕಠಿಣವಾದುದಲ್ಲ. ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆದರೆ ಸಾಕು. ನೀರು ತಗ್ಗಿದರೆ ತೇಲುವ ಗುಂಡು ಇಳಿದು ನಲ್ಲಿ ತೆರೆಯುತ್ತದೆ. ತುಂಬಿದರೆ ಗುಂಡು ಏರಿ ನಲ್ಲಿ ಮುಚ್ಚುತ್ತದೆ. ಫಾರೆಸ್ಟರರ ನಗರದಲ್ಲಿ ಇಂಥ ಒಂಬತ್ತು ತೊಟ್ಟಿಗಳಿದ್ದುವು: ಹೊಸ, ನಡುವಯಸ್ಸಿನ ಮತ್ತು ಕ್ಷೀಣಿಸುತ್ತಿರುವ ಉದ್ಯಮಗಳು ಮೂರು, ಮೇಲ್ತರಗತಿಯ, ಕಾರ್ಮಿಕರ ಮತ್ತು ಬಡವರ ಮನೆಗಳು ಮೂರು, ಅಧಿಕಾರಿಗಳು, ಕಾರ್ಮಿಕರು, ಸರಿಯಾದ ಕೆಲಸವಿಲ್ಲದವರು ಎಂದು ಜನರು ಮೂರು ಬಗೆ. ಒಂದರ ಮಟ್ಟ ಏರಿದರೆ ಇನ್ನೊಂದರ ನಲ್ಲಿ ತೆರೆಯುತ್ತಿತ್ತು ಇಲ್ಲವೆ ಮುಚ್ಚುತ್ತಿತ್ತು. ಹೀಗೆ 250 ವರ್ಷಗಳ ಕಾಲ ಬೆಳೆದು ಮುಪ್ಪಾಗುವ ಊರೊಂದನ್ನು ಅವರು ಯಂತ್ರದೊಳಗೆ ನಡೆಸಿ ನೋಡಿದರು.

ಯಂತ್ರ ಕೊಟ್ಟ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬಡವರಿಗಾಗಿ ಅಗ್ಗದ ಮನೆಗಳನ್ನು ಕಟ್ಟಿಸಿದರೆ ಊರು ಇನ್ನಷ್ಟು ಕೆಡುತ್ತದೆ. ಆ ಮನೆಗಳು ಉದ್ಯಮಕ್ಕೆ ಬೇಕಾದ ನೆಲವನ್ನು ನುಂಗುತ್ತವೆ, ಕೆಲಸವಿಲ್ಲದವರನ್ನು ಹೊರಗಿನಿಂದ ಸೆಳೆಯುತ್ತವೆ. ಅದಕ್ಕೆ ಬದಲಾಗಿ ಬಡವರ ಮನೆಗಳಲ್ಲಿ ವರ್ಷಕ್ಕೆ ನೂರಕ್ಕೆ ಐದರಷ್ಟನ್ನು ಕೆಡವಿ, ಆ ನೆಲವನ್ನು ಹೊಸ ಉದ್ಯಮಗಳಿಗೆ ಬಿಟ್ಟುಕೊಟ್ಟರೆ ಎಲ್ಲರ ಸ್ಥಿತಿಯೂ ಸುಧಾರಿಸುತ್ತದೆ! ಒಳ್ಳೆಯ ಉದ್ದೇಶದ ಉಪಾಯವೇ ಕೆಲವೊಮ್ಮೆ ರೋಗವನ್ನು ಉಲ್ಬಣಿಸುತ್ತದೆಂಬ ಅವರ ಮಾತಿನಲ್ಲಿ ಸತ್ಯಾಂಶವಿದ್ದಿತು. ಆದರೆ ವಿಮರ್ಶಕರು ಬೇರೊಂದು ಅಂಶವನ್ನು ಹಿಡಿದರು. ಈ ಊರಿಗೆ ಗಡಿಯೊಂದಿತ್ತು. ಗಡಿಯ ಆಚೆಗೆ ಉಪನಗರಗಳಿರಲಿಲ್ಲ, ಹಳ್ಳಿಗಳಿರಲಿಲ್ಲ, ಎಲ್ಲೆಯಿಲ್ಲದ ಬಯಲು ಮಾತ್ರ ಇದ್ದಿತು. ಮನೆ ಕಳೆದುಕೊಂಡು ಗಡಿ ದಾಟಿದ ಬಡವನಿಗೆ ಮುಂದೇನಾಯಿತೆಂದು ಯಂತ್ರ ಕೇಳುತ್ತಲೇ ಇರಲಿಲ್ಲ. ಅವನು ಲೆಕ್ಕದಿಂದ ಇಳಿದುಹೋಗುತ್ತಿದ್ದನು. ಊರಿನ ಸರಾಸರಿ ಉತ್ತಮವಾಗುತ್ತಿತ್ತು.

ಫಾರೆಸ್ಟರರ ಊರು ಪುಸ್ತಕದೊಳಗಿನ ಊರು. ಅದೇ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಇಂಥದೇ ಲೆಕ್ಕ ಪುಸ್ತಕದಿಂದ ಹೊರಬಂದು ಬೀದಿಗಿಳಿಯಿತು.

ಸ್ಟಾಪ್‌ವಾಚ್ ಹಿಡಿದ ಗಣಿತಜ್ಞರು

1966ರಲ್ಲಿ ನ್ಯೂಯಾರ್ಕಿನ ಮೇಯರ್ ಆದ ಜಾನ್ ಲಿಂಡ್ಸೆ ಅವರು ನಗರದ ಆಡಳಿತವನ್ನು ಶಾಸ್ತ್ರೀಯವಾಗಿ ನಡೆಸಬೇಕೆಂಬ ಹಂಬಲವುಳ್ಳವರು. ಅಮೆರಿಕದ ವಾಯುಸೇನೆಗೆ ಯುದ್ಧದ ಲೆಕ್ಕಾಚಾರಗಳನ್ನು ಮಾಡಿಕೊಡುತ್ತಿದ್ದ ರಾಂಡ್ ಸಂಸ್ಥೆಯನ್ನು ಅವರು 1968ರಲ್ಲಿ ನಗರದ ಕೆಲಸಕ್ಕೆ ಕರೆಸಿಕೊಂಡರು. ಮರುವರ್ಷ ಇದಕ್ಕಾಗಿಯೇ ನ್ಯೂಯಾರ್ಕ್ ನಗರ-ರಾಂಡ್ ಸಂಸ್ಥೆ ಸ್ಥಾಪಿತವಾಯಿತು. ಅವರು ಕೈಗೆತ್ತಿಕೊಂಡ ಇಲಾಖೆಗಳಲ್ಲಿ ಅಗ್ನಿಶಾಮಕ ದಳವೂ ಒಂದು. ಆ ಹೊತ್ತಿಗೆ ಬೆಂಕಿಯ ಕರೆಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುವು. ಸುಳ್ಳು ಕರೆಗಳೂ ವಿಪರೀತವಾಗಿದ್ದುವು. ಖಜಾನೆ ಬರಿದಾಗುತ್ತಿತ್ತು.

ಬಂದ ಗಣಿತಜ್ಞರು ಸಮರ್ಥರಾಗಿದ್ದರು ಎಂಬುದರಲ್ಲಿ ಸಂದೇಹವಿಲ್ಲ. ನೀರಿಗೆ ಒಂದು ಬಗೆಯ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಅದು ಕೊಳವೆಯೊಳಗೆ ಉಜ್ಜಾಟವಿಲ್ಲದೆ ಜಾರಿ ಹೆಚ್ಚು ವೇಗವಾಗಿ ಹರಿಯುತ್ತದೆ. ಹೆಗಲಿಗೆ ಹಗುರಾದ ಸಣ್ಣ ಕೊಳವೆಯಿಂದಲೇ ಹೆಚ್ಚು ನೀರು ಹಾರಿಸಬಹುದು. ಈ ‘ಜಾರುವ ನೀರಿನ’ ಪ್ರಯೋಗಕ್ಕೆ ಅವರು ನೆರವಾದರು. ಸುಳ್ಳು ಕರೆಯ ಸಂಭವ ಹೆಚ್ಚಾಗಿರುವೆಡೆಗೆ ಮೊದಲು ಕಡಿಮೆ ಬಂಡಿಗಳನ್ನು ಕಳುಹಿಸುವ ಕ್ರಮವನ್ನೂ ಅವರು ಸೂಚಿಸಿದರು. ಇಲ್ಲಿಯವರೆಗೆ ಎಲ್ಲವೂ ಸರಿಯೇ.

ತೊಡಕು ಆರಂಭವಾದುದು, ಯಾವ ಠಾಣೆಯನ್ನು ಉಳಿಸಬೇಕು, ಯಾವುದನ್ನು ಮುಚ್ಚಬಹುದು ಎಂಬ ಪ್ರಶ್ನೆ ಎದುರಾದಾಗ. ಅಗ್ನಿಶಾಮಕ ದಳದ ಸೇವೆಯನ್ನು ಅಳೆಯುವುದು ಹೇಗೆ? ಎಷ್ಟು ಪ್ರಾಣ ಉಳಿಯಿತು, ಎಷ್ಟು ಮನೆ ಉಳಿಯಿತು ಎಂಬುದನ್ನು ಅಂಕಿಯಲ್ಲಿ ಹಿಡಿಯುವುದು ಕಷ್ಟ. ಅಳೆಯಲು ಸುಲಭವಾದುದು ಒಂದಿತ್ತು: ಗಂಟೆ ಬಾರಿಸಿದ ಮೇಲೆ ಬಂಡಿ ಸ್ಥಳಕ್ಕೆ ತಲುಪಲು ಹಿಡಿಯುವ ಸಮಯ. ಕೆಲವು ಬಂಡಿಗಳಲ್ಲಿ ಸ್ಟಾಪ್‌ವಾಚ್‌ಗಳನ್ನು ಇರಿಸಿ ಆ ಸಮಯವನ್ನು ಬರೆದುಕೊಂಡರು. ಅದರ ಮೇಲೆ ಇಡೀ ಲೆಕ್ಕ ನಿಂತಿತು.

ವರ್ಗಮೂಲದ ನಿಯಮ

ಈ ಲೆಕ್ಕದಿಂದ ಹುಟ್ಟಿದ ಒಂದು ಸೂತ್ರ ಬಹಳ ಅಂದವಾದುದು. ಪೀಟರ್ ಕೊಲೆಸಾರ್ ಮತ್ತು ಎಡ್ವರ್ಡ್ ಬ್ಲಮ್ ಎಂಬವರು 1973ರಲ್ಲಿ ಅದನ್ನು ಪ್ರಕಟಿಸಿದರು. ಬಂಡಿ ಕ್ರಮಿಸಬೇಕಾದ ಸರಾಸರಿ ದೂರವು ಸಿದ್ಧವಾಗಿರುವ ಬಂಡಿಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬುದು ಅದರ ಸಾರ. ಶಾಲೆಯ ಲೆಕ್ಕದಂತೆ ಹೇಳುವುದಾದರೆ, 16 ಠಾಣೆಗಳಿರುವ ಪ್ರದೇಶದಲ್ಲಿ ಸರಾಸರಿ ದೂರ 1 ಮೈಲಿ ಇದ್ದರೆ, ಠಾಣೆಗಳು 4ಕ್ಕೆ ಇಳಿದಾಗ ಅದು 2 ಮೈಲಿಯಾಗುತ್ತದೆ. ಹದಿನಾರರಲ್ಲಿ ಒಂದನ್ನು ಮಾತ್ರ ಮುಚ್ಚಿದರೆ? ದೂರ ಹೆಚ್ಚುವುದು ನೂರಕ್ಕೆ ಸುಮಾರು ಮೂರರಷ್ಟು. ಅಂದರೆ ಕೆಲವೇ ಸೆಕೆಂಡುಗಳು!

ಕಾಗದದ ಮೇಲೆ ಈ ಉತ್ತರ ನಿರ್ದೋಷವಾದುದು. ಠಾಣೆಗಳು ದಟ್ಟವಾಗಿರುವ ಕಡೆ ಒಂದೆರಡನ್ನು ತೆಗೆದರೆ ನಷ್ಟವಿಲ್ಲವೆಂದು ಅದು ಹೇಳುತ್ತದೆ. ಆದರೆ ಠಾಣೆಗಳು ದಟ್ಟವಾಗಿದ್ದುದು ಎಲ್ಲಿ? ಬೆಂಕಿ ಹೆಚ್ಚಾಗಿ ಬೀಳುತ್ತಿದ್ದ, ಹಳೆಯ ವಠಾರಗಳು ಒತ್ತೊತ್ತಾಗಿದ್ದ ಬಡವರ ಕೇರಿಗಳಲ್ಲಿ. ಅಲ್ಲಿ ಹಿಂದಿನವರು ಠಾಣೆಗಳನ್ನು ಹತ್ತಿರ ಹತ್ತಿರ ಕಟ್ಟಿದ್ದು ವ್ಯರ್ಥ ಆಡಂಬರಕ್ಕಾಗಿ ಅಲ್ಲ. ಒಂದು ಬಂಡಿ ಬೆಂಕಿಯ ಮುಂದಿರುವಾಗ ಇನ್ನೊಂದು ಗಂಟೆ ಬಾರಿಸಿದರೆ ಹೊರಡಲು ಎರಡನೆಯ ಬಂಡಿ ಬೇಕು. ಆ ಬೆಂಕಿ ಹರಡಿದರೆ ಮೂರನೆಯದು, ನಾಲ್ಕನೆಯದು ಬೇಕು. ಸೂತ್ರವು ಸಿದ್ಧವಾಗಿ ನಿಂತಿರುವ ಬಂಡಿಗಳ ಮಾತನ್ನು ಆಡುತ್ತಿತ್ತು. ದಕ್ಷಿಣ ಬ್ರಾಂಕ್ಸಿನ ಇಂಟರ್‌ವೇಲ್ ಬೀದಿಯ 82ನೆಯ ದಳದಲ್ಲಿದ್ದ ಡೆನಿಸ್ ಸ್ಮಿತ್ ಎಂಬ ಅಗ್ನಿಶಾಮಕ 1972ರಲ್ಲಿ ಬರೆದ ಅನುಭವ ಕಥನವನ್ನು ಓದಿದವರಿಗೆ, ಅಲ್ಲಿ ಬಂಡಿ ಠಾಣೆಯಲ್ಲಿ ನಿಲ್ಲುವುದೇ ಅಪರೂಪವಾಗಿತ್ತೆಂದು ತಿಳಿಯುತ್ತದೆ.

ಗಣಿತಜ್ಞರಿಗೆ ಈ ತೊಂದರೆ ತಿಳಿಯದೇ ಇರಲಿಲ್ಲ. ಬಂಡಿಗಳೆಲ್ಲ ಹೊರಟುಹೋಗಿ ಬರಿದಾದ ಠಾಣೆಗಳಿಗೆ ದೂರದ ಬಂಡಿಗಳನ್ನು ತಾತ್ಕಾಲಿಕವಾಗಿ ತಂದು ನಿಲ್ಲಿಸುವ ಲೆಕ್ಕವೊಂದನ್ನು ಕೊಲೆಸಾರ್ ಮತ್ತು ವಾರನ್ ವಾಕರ್ ರಚಿಸಿದ್ದರು. ಆ ಪ್ರಬಂಧಕ್ಕೆ 1974ರ ಲ್ಯಾಂಚೆಸ್ಟರ್ ಪ್ರಶಸ್ತಿಯೂ ಸಂದಿತು. ಆದರೆ ಮುಚ್ಚುವ ತೀರ್ಮಾನ ಮಾಡುವ ಮೇಜಿನ ಮೇಲೆ ಉಳಿದದ್ದು ಸರಾಸರಿ ಸಮಯವೆಂಬ ಒಂದೇ ಅಂಕಿ. 1972ರಿಂದ ಮುಂದೆ ಹಲವು ದಳಗಳನ್ನು ಮುಚ್ಚಲಾಯಿತು, ಕೆಲವನ್ನು ಬೇರೆಡೆಗೆ ಸಾಗಿಸಲಾಯಿತು. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದಾಗ ಕಡಿತ ಇನ್ನೂ ಹೆಚ್ಚಿತು. ಅನುಕೂಲಸ್ಥರ ಬಡಾವಣೆಗಳಲ್ಲಿ ಠಾಣೆ ಮುಚ್ಚುವ ಮಾತು ಬಂದರೆ ಪ್ರಭಾವಶಾಲಿಗಳು ಎದ್ದು ನಿಂತು ತಡೆಯುತ್ತಿದ್ದರೆಂದೂ, ಬಡವರ ಕೇರಿಗಳಿಗೆ ಅಂಥ ಧ್ವನಿಯಿರಲಿಲ್ಲವೆಂದೂ ಈ ಇತಿಹಾಸವನ್ನು 2010ರಲ್ಲಿ ಗ್ರಂಥವಾಗಿ ಬರೆದ ಜೋ ಫ್ಲಡ್ ಹೇಳುತ್ತಾರೆ.

ಉರಿದ ಕೇರಿಗಳು

ಮುಂದಿನದು ಎಲ್ಲರಿಗೂ ಕಾಣುವಂತೆ ನಡೆಯಿತು. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಬೀದಿ ಬೀದಿಗಳೇ ಸುಟ್ಟು ಬಯಲಾದುವು. ಜನಗಣತಿಗಾಗಿ ಗುರುತಿಸಿದ ವಿಭಾಗಗಳ ಪೈಕಿ ಏಳರಲ್ಲಿ, 1970ರಿಂದ 1980ರೊಳಗೆ, ನೂರಕ್ಕೆ 97ಕ್ಕಿಂತ ಹೆಚ್ಚು ಕಟ್ಟಡಗಳು ಬೆಂಕಿಯಿಂದಲೋ ಪರಿತ್ಯಾಗದಿಂದಲೋ ಇಲ್ಲವಾದುವು. ಬ್ರಾಂಕ್ಸಿನ ಒಟ್ಟು ಜನಸಂಖ್ಯೆ ಈ ಹತ್ತು ವರ್ಷಗಳಲ್ಲಿ ಸುಮಾರು 14 ಲಕ್ಷ 70 ಸಾವಿರದಿಂದ 11 ಲಕ್ಷ 70 ಸಾವಿರಕ್ಕೆ ಇಳಿಯಿತು. ಮೂರು ಲಕ್ಷ ಜನರೆಂದರೆ ಒಂದು ದೊಡ್ಡ ಪಟ್ಟಣವೇ ಗಂಟುಮೂಟೆ ಕಟ್ಟಿದಂತೆ.

ಇದೆಲ್ಲಕ್ಕೂ ಗಣಕಯಂತ್ರವೇ ಕಾರಣವೆಂದರೆ ಅನ್ಯಾಯವಾದೀತು. ಬಾಡಿಗೆ ಬಾರದ ಕಟ್ಟಡಗಳನ್ನು ಮಾಲೀಕರು ಕೈಬಿಟ್ಟಿದ್ದರು. ವಿಮೆಯ ಹಣದಾಸೆಗೆ ಬೆಂಕಿ ಇಡಿಸಿದವರೂ ಇದ್ದರು. ಕಪ್ಪು ಜನರೂ ಪೋರ್ಟೊರಿಕೊದವರೂ ವಾಸಿಸುತ್ತಿದ್ದ ಕೇರಿಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಯಾವ ಕಾರಣದ ಪಾಲು ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ವಾದ ನಿಂತಿಲ್ಲ. ಆದರೆ ಠಾಣೆಗಳ ಕಡಿತದಿಂದ ಬೆಂಕಿಗಳು ಬೆಳೆದು ಹರಡಿದುವೆಂದು ರಾಡ್ರಿಕ್ ಮತ್ತು ಡೆಬೊರಾ ವಾಲೆಸ್ ದಂಪತಿಗಳು ವರ್ಷಗಟ್ಟಲೆ ಅಂಕಿಅಂಶಗಳನ್ನು ಕೂಡಿಸಿ 1998ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದರು. ಅಗ್ನಿಶಾಮಕರೂ ನಿವಾಸಿಗಳೂ ಅದೇ ಮಾತನ್ನು ಆಗಲೇ ಕೂಗಿ ಹೇಳಿದ್ದರು. ಕೂಗು ಅಂಕಿಯ ರೂಪದಲ್ಲಿ ಇರಲಿಲ್ಲವಾದ್ದರಿಂದ ಲೆಕ್ಕದ ಪುಸ್ತಕಕ್ಕೆ ಏರಲಿಲ್ಲ.

ಹೊಳೆಯ ಆಳದ ಸರಾಸರಿ ತೆಗೆದು, ಆಳು ಮುಳುಗುವಷ್ಟು ನೀರಿಲ್ಲವೆಂದು ನಿರ್ಧರಿಸಿ, ಸಂಸಾರವನ್ನೆಲ್ಲ ನೀರಿಗಿಳಿಸಿದ ಲೆಕ್ಕಿಗನ ಕಥೆಯನ್ನು ಕನ್ನಡನಾಡಿನ ಅಜ್ಜಿಯರು ಹೇಳುವುದುಂಟು. ಅವನು ಕೂಡಿದ್ದೂ ಸರಿ, ಭಾಗಿಸಿದ್ದೂ ಸರಿ. ನಡುಹೊಳೆಯ ಮಡು ಮಾತ್ರ ಸರಾಸರಿಯೊಳಗೆ ಅಡಗಿಹೋಗಿತ್ತು.

ಆಟಿಕೆಯ ಊರು

1973ರಲ್ಲಿಯೇ ಡಗ್ಲಸ್ ಲೀ ಎಂಬ ನಗರ ಯೋಜನಾ ತಜ್ಞರು ಗಣಕದ ಬೃಹತ್ ನಗರ ಮಾದರಿಗಳಿಗೆ ಚರಮಗೀತೆಯೆಂಬ ಅರ್ಥದ ಶೀರ್ಷಿಕೆಯಲ್ಲಿ ಪ್ರಬಂಧವೊಂದನ್ನು ಬರೆದು, ಅವುಗಳ ಏಳು ಪಾಪಗಳನ್ನು ಎಣಿಸಿದರು. ಎಲ್ಲವನ್ನೂ ಒಮ್ಮೆಗೇ ಹಿಡಿಯುವ ದುರಾಸೆ, ಅಂಕಿಅಂಶಗಳ ತೀರದ ಹಸಿವು, ಯಾರಿಗೂ ಅರ್ಥವಾಗದ ಜಟಿಲತೆ, ಮಿತಿಮೀರಿದ ವೆಚ್ಚ ಇವೆಲ್ಲ ಆ ಪಟ್ಟಿಯಲ್ಲಿದ್ದುವು. ಯೋಜಕರ ಉತ್ಸಾಹ ಕೆಲಕಾಲ ತಗ್ಗಿತು.

ವಿಚಿತ್ರವೆಂದರೆ, ದೊಡ್ಡವರು ಬದಿಗಿಟ್ಟ ಊರು ಮಕ್ಕಳ ಕೈಗೆ ಬಂದಿತು. ವಿಲ್ ರೈಟ್ ಎಂಬುವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಗಣಕದ ಆಟವೊಂದನ್ನು 1984ರಲ್ಲಿ ರಚಿಸಿದ್ದರು. ಬಾಂಬು ಹಾಕುವುದಕ್ಕಿಂತ ಆ ದ್ವೀಪಗಳಲ್ಲಿ ರಸ್ತೆ, ಕಟ್ಟಡಗಳನ್ನು ಕಟ್ಟುವುದೇ ಅವರಿಗೆ ಹೆಚ್ಚು ಹಿತವೆನಿಸಿತು. ಅವರು ಫಾರೆಸ್ಟರರ ಗ್ರಂಥವನ್ನು ಓದಿದರು. 1989ರಲ್ಲಿ ‘ಸಿಮ್‌ಸಿಟಿ’ ಎಂಬ ಆಟ ಹೊರಬಂದಿತು. ಆಡುವವರು ಮೇಯರ್ ಆಗಿ ತೆರಿಗೆ ಹಾಕಬಹುದು, ರಸ್ತೆ ಹಾಯಿಸಬಹುದು, ಅಗ್ನಿಶಾಮಕ ಠಾಣೆಯನ್ನೂ ಕಟ್ಟಬಹುದು. ಪ್ರಪಂಚದ ಲಕ್ಷಾಂತರ ಮಕ್ಕಳು ಊರಿನ ಆಡಳಿತದ ಮೊದಲ ಪಾಠವನ್ನು ಕಲಿತದ್ದು ಇದರಿಂದ.

ಆಟದಲ್ಲಿಯೂ ಬಿಟ್ಟುಹೋದವುಗಳ ಪಟ್ಟಿ ಇದೆ. 2013ರಲ್ಲಿ ಹೊರಬಂದ ಇದರ ಹೊಸ ಆವೃತ್ತಿಯನ್ನು ಸಿದ್ಧಪಡಿಸುವಾಗ ವಿನ್ಯಾಸಕಾರ ಸ್ಟೋನ್ ಲೈಬ್ರಾಂಡೆ ಅವರು ನಿಜವಾದ ಅಮೆರಿಕದ ಊರುಗಳಲ್ಲಿ ಅಂಗಡಿ, ಕಟ್ಟಡಗಳ ಸುತ್ತ ಕಾರು ನಿಲ್ಲಿಸಲು ಬಿಟ್ಟ ಜಾಗವನ್ನು ಅಳೆದು ನೋಡಿ ದಂಗಾದರು. ಅಂಗಡಿಗಿಂತ ಕಾರಿನ ಬಯಲೇ ದೊಡ್ಡದು! ಅದನ್ನು ಇದ್ದಂತೆ ತೋರಿಸಿದರೆ ಆಟದ ಊರು ಬೇಸರ ಹುಟ್ಟಿಸುವಂತಿತ್ತು. ಆದ್ದರಿಂದ ಕಾರುಗಳೆಲ್ಲ ನೆಲದಡಿಯಲ್ಲಿ ನಿಲ್ಲುತ್ತವೆಂದು ಕಲ್ಪಿಸಿಕೊಂಡು ಆ ಬಯಲನ್ನು ಅಳಿಸಿಬಿಟ್ಟರು. ಆಟಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಆದರೆ ಇಂಥ ಊರನ್ನೇ ನೋಡಿ ಬೆಳೆದವರಿಗೆ, ಕಾರುಗಳಿಗೆ ನೆಲ ಬೇಕೇ ಇಲ್ಲವೆಂಬ ಭಾವನೆ ಬಂದರೆ ಆಶ್ಚರ್ಯವೇನು?

ಬಾಳೆಹಣ್ಣಿನ ಬೀದಿ

ಇತ್ತ ಸುಟ್ಟ ಬ್ರಾಂಕ್ಸಿನಲ್ಲಿ ಲೆಕ್ಕಕ್ಕೆ ಸಿಕ್ಕದಿದ್ದ ಇನ್ನೊಂದು ವಸ್ತುವೂ ಇದ್ದಿತು. ಬಾಳೆಹಣ್ಣಿನಂತೆ ಬಾಗಿದ ಕೆಲ್ಲಿ ಬೀದಿಯ ತಿರುವಿನಲ್ಲಿ, ಮಾಲೀಕರು ಬಿಟ್ಟುಹೋದ ಮೂರು ವಠಾರಗಳು ಕೆಡವುವ ಪಟ್ಟಿಯಲ್ಲಿದ್ದುವು. 1977ರಲ್ಲಿ ಅಲ್ಲಿನ ನಿವಾಸಿಗಳು ಒಟ್ಟುಗೂಡಿ, ಊರು ಬಿಡುವುದಿಲ್ಲ, ಊರನ್ನೇ ಸರಿಪಡಿಸುತ್ತೇವೆಂದು ಹಟ ತೊಟ್ಟು, ಆ ಕಟ್ಟಡಗಳನ್ನು ವಶಕ್ಕೆ ತೆಗೆದುಕೊಂಡು ಸ್ವಂತ ದುಡಿಮೆಯಿಂದ ದುರಸ್ತಿ ಮಾಡತೊಡಗಿದರು. ಬೀದಿಯ ಬಾಗಿನಿಂದಲೇ ಅವರ ಸಂಘಕ್ಕೆ ‘ಬನಾನಾ ಕೆಲ್ಲಿ’ ಎಂಬ ಹೆಸರು ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಅದೇ ಪ್ರದೇಶದ ಚಾರ್ಲೆಟ್ ಬೀದಿಯ ಹಾಳುಬಯಲಿನಲ್ಲಿ ನಡೆದಾಡಿ ನೋಡಿದರು. 1980ರ ದಶಕದಲ್ಲಿ ಆ ಬಯಲಿನಲ್ಲಿ ಅಂಗಳವುಳ್ಳ ಸಣ್ಣ ಮನೆಗಳು ಎದ್ದುವು. ಜನರ ಹಟವೆಂಬುದು ಫಾರೆಸ್ಟರರ ಒಂಬತ್ತು ತೊಟ್ಟಿಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ, ಸ್ಟಾಪ್‌ವಾಚಿಗೂ ಸಿಕ್ಕಿರಲಿಲ್ಲ.

ಹಾಗೆಂದು ಗಣಕದ ಮಾದರಿಗಳನ್ನು ಬಿಸುಟುಬಿಡಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಇಂದಿನ ಸಂಶೋಧಕರು ಅವುಗಳನ್ನು ಬೇರೆ ರೀತಿಯಲ್ಲಿ ಬಳಸುವುದನ್ನು ಕಲಿತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ವಿ. ರಾಮಚಂದ್ರ ಮತ್ತು ಅವರ ಸಹೋದ್ಯೋಗಿಗಳು ಮಾಡಿರುವ ಕೆಲಸ ಇದಕ್ಕೆ ನಿದರ್ಶನ. 1970ರ ದಶಕದಿಂದೀಚಿನ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಬೆಂಗಳೂರು ಹರಡಿದ ಬಗೆಯನ್ನು ಅವರು ಅಳೆದರು. ನಕ್ಷೆಯನ್ನು ಚದುರಂಗದ ಮಣೆಯಂತೆ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ನೆರೆಯ ಚೌಕಗಳು ಕಟ್ಟಡಗಳಿಂದ ತುಂಬಿದಾಗ ನಡುವಿನ ಚೌಕ ಯಾವಾಗ ತುಂಬುತ್ತದೆಂಬ ನಿಯಮವನ್ನು ಗಣಕಕ್ಕೆ ಕಲಿಸಿ, ಮುಂದಿನ ವರ್ಷಗಳ ಬೆಳವಣಿಗೆಯನ್ನು ಅಂದಾಜು ಮಾಡಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅವರ ಲೆಕ್ಕದಲ್ಲಿ ಕಟ್ಟಡಗಳಷ್ಟೇ ಅಲ್ಲದೆ ಕೆರೆಗಳಿಗೂ ಮರಗಿಡಗಳಿಗೂ ಮೊದಲಿನಿಂದಲೇ ಅಂಕಣಗಳಿದ್ದುವು. ಆದುದರಿಂದ ನಗರ ಎಷ್ಟು ಬೆಳೆಯಿತೆಂಬುದರ ಜೊತೆಗೆ ಎಷ್ಟು ನೀರು, ಎಷ್ಟು ಹಸುರು ಮರೆಯಾಯಿತೆಂಬುದೂ ಅದೇ ಪುಟದಲ್ಲಿ ಕಾಣಿಸಿತು. ಕೆರೆಯ ಅಂಕಣವನ್ನು ಬಿಟ್ಟಿದ್ದರೆ ಅದೇ ಗಣಕ, ಅದೇ ಚಿತ್ರಗಳಿಂದ, ಬೆಳವಣಿಗೆಯ ಸಂತೋಷದ ಸುದ್ದಿಯನ್ನು ಮಾತ್ರ ಕೊಡುತ್ತಿತ್ತು.

ಇನ್ನು ಮುಂದೆ ಪ್ರತಿ ನಗರದಲ್ಲಿಯೂ ಮೇಲ್ಸೇತುವೆ, ಬಡಾವಣೆ, ಬಸ್ಸಿನ ಮಾರ್ಗ ಇವುಗಳ ಯೋಜನೆಗಳು ಗಣಕದ ವರ್ಣಚಿತ್ರಗಳೊಡನೆ ಜನರ ಮುಂದೆ ಬರುತ್ತವೆ. ಆ ಚಿತ್ರಗಳ ಹಿಂದಿನ ಗಣಿತ ಸಾಮಾನ್ಯ ಗೃಹಸ್ಥರಿಗೆ ತಿಳಿಯಬೇಕಾಗಿಲ್ಲ. ಆದರೆ ಎರಡು ಪ್ರಶ್ನೆಗಳನ್ನು ಕೇಳಲು ಗಣಿತವೇನೂ ಬೇಡ. ಇದರಲ್ಲಿ ಏನೇನನ್ನು ಎಣಿಸಿದ್ದೀರಿ? ಎಣಿಸದೆ ಬಿಟ್ಟವರು ಯಾರು? ಶಾಲೆಗೆ ನಡೆದು ಹೋಗುವ ಮಗು, ರಸ್ತೆ ದಾಟಲು ಎರಡು ನಿಮಿಷ ಹಿಡಿಯುವ ವೃದ್ಧೆ, ಮೂಲೆಯ ಹೂವಿನ ಅಂಗಡಿಯವಳು, ಕೊನೆಯ ಬೀದಿಯ ವಠಾರ ಇವರಿಗೆಲ್ಲ ಆ ಪಟ್ಟಿಯಲ್ಲಿ ಸ್ಥಳವಿದೆಯೆ ಎಂದು ಯೋಜನೆಗೆ ಸಹಿ ಬೀಳುವ ಮೊದಲೇ ವಿಚಾರಿಸುವುದು ಒಳ್ಳೆಯದು. ದಕ್ಷಿಣ ಬ್ರಾಂಕ್ಸಿನವರು ಈ ಪ್ರಶ್ನೆಯನ್ನು ಕೇಳಿದಾಗ ಠಾಣೆಗಳ ಬಾಗಿಲು ಆಗಲೇ ಮುಚ್ಚಿದ್ದುವು.